ಊರ ಉಸಾಬರಿ ನಮಗ್ಯಾಕೆ ಅನ್ನುವ ಮುಂಚೆ

ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಪತ್ರಗಳ ಜಾಗದಲ್ಲಿ ಒಬ್ಬರು ಬರೆದಿದ್ದರು. ನಡುರಸ್ತೆಯಲ್ಲಿ ಒಬ್ಬನಿಗೆ ಹೊಡೆಯುತ್ತಿದ್ದರೆ ಸುತ್ತ ನಿಂತವರು ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಾರೆ, ಮಾನವೀಯತೆ ಸತ್ತೇ ಹೋಗಿದೆ ಅಂತ. ಓದಿ ಮನಸ್ಸಿಗೆ ಚುಚ್ಚಿತು. ಯಾಕಂದರೆ ಹಾಗೆ ಸುತ್ತ ನಿಂತವರಲ್ಲಿ ನಾನೂ ಒಬ್ಬ. ಅವರು ಹೇಳಿದ ಘಟನೆಯಲ್ಲಲ್ಲ, ಬೇರೆ ಊರು, ಬೇರೆ ವರ್ಷ.

ನನ್ನದು ಬಸ್ ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿ. ಊರಿನ ಹೆಸರು ಬೇಡ, ಮುಂದೆ ಓದಿದರೆ ಯಾಕೆ ಅಂತ ಗೊತ್ತಾಗುತ್ತದೆ. ಎಂಟು ವರ್ಷದ ಹಿಂದೆ ಒಂದು ಸಂಜೆ ಕರೆಂಟ್ ಹೋಗಿತ್ತು. ಮಷೀನ್ ನಿಂತಿತ್ತು, ನಾನು ಅಂಗಡಿ ಮುಂದೆ ಸ್ಟೂಲ್ ಹಾಕಿಕೊಂಡು ಕೂತಿದ್ದೆ. ಎದುರಿಗೆ ಎಳನೀರಿನ ಗಾಡಿ ಹತ್ತಿರ ಒಬ್ಬ ಇನ್ನೊಬ್ಬನ ತಲೆಗೆ ಹೆಲ್ಮೆಟ್ಟಿನಿಂದ ಹೊಡೆಯೋಕೆ ಶುರು ಮಾಡಿದ. ಒಂದಲ್ಲ, ಎರಡಲ್ಲ. ಹೊಡೆಸಿಕೊಳ್ಳುತ್ತಿದ್ದವನಿಗೆ ಇಪ್ಪತ್ತು ವರ್ಷ ಇರಬಹುದು, ಕೈಯಲ್ಲಿ ಟಿಫಿನ್ ಬಾಕ್ಸ್ ಇತ್ತು, ಅದನ್ನು ಮಾತ್ರ ಬಿಡಲೇ ಇಲ್ಲ. ಸುತ್ತ ನಲವತ್ತು ಜನ ಇದ್ದೆವು. ಎಲ್ಲರೂ ಎಲ್ಲರ ಮುಖ ನೋಡುತ್ತಿದ್ದೆವು. ಯಾರಾದರೂ ಹೋಗುತ್ತಾರೆ ಬಿಡು ಅಂತ ನಾನು ಅಂದುಕೊಂಡೆ, ನನ್ನನ್ನು ನೋಡಿ ಪಕ್ಕದ ಬೇಕರಿಯವರೂ ಹಾಗೇ ಅಂದುಕೊಂಡರಂತೆ, ಆಮೇಲೆ ಹೇಳಿದರು.

ಆಗ ನಾನು ಮಾಡಿದ್ದು ಒಂದೇ ಕೆಲಸ. ಎದ್ದು ಶಟರ್ ಅರ್ಧ ಎಳೆದೆ. ಪೂರ್ತಿ ಎಳೆದರೆ ಹೆದರಿದ ಅಂತ ಜನ ಆಡಿಕೊಳ್ಳುತ್ತಾರೆ, ಪೂರ್ತಿ ತೆರೆದಿದ್ದರೆ ನೋಡಿದ ಅಂತ ಪೊಲೀಸರು ಬರೆದುಕೊಳ್ಳುತ್ತಾರೆ. ಅರ್ಧ ಶಟರಿಗೆ ಎರಡೂ ಕಡೆಯಿಂದ ತಪ್ಪಿಸಿಕೊಳ್ಳಬಹುದು ಅನ್ನೋ ಲೆಕ್ಕ. ಹುಡುಗ ಬದುಕಿದ, ತಲೆಗೆ ಹೊಲಿಗೆ ಬಿತ್ತು ಅಂತ ಕೇಳಿದೆ. ಆಮೇಲೆ ಎಷ್ಟೋ ದಿನ ಶಟರ್ ಎಳೆಯುವಾಗೆಲ್ಲ ಕೈ ಅರ್ಧಕ್ಕೇ ನಿಲ್ಲುತ್ತಿತ್ತು.

ಆದ್ದರಿಂದ ಮಾನವೀಯತೆ ಸತ್ತಿದೆ ಅನ್ನೋ ಮಾತನ್ನು ನಾನು ಒಪ್ಪುವುದಿಲ್ಲ. ಅವತ್ತು ನನ್ನೊಳಗೆ ಏನೂ ಸತ್ತಿರಲಿಲ್ಲ ಸ್ವಾಮಿ, ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಕಾಲು ಮಾತ್ರ ಏಳಲಿಲ್ಲ. ಯಾಕೆ ಏಳಲಿಲ್ಲ ಅಂತ ಕೇಳಿದರೆ ಉಪಯೋಗ ಇದೆ, ಸುಮ್ನೆ ಬೈದರೆ ಏನೂ ಇಲ್ಲ.

ಜೆರಾಕ್ಸ್ ಅಂಗಡಿಯವನಿಗೆ ಒಂದು ಲಾಭ ಇದೆ, ಪುಕ್ಕಟೆ ಓದು. ಕಾಲೇಜು ಮಕ್ಕಳು ನೋಟ್ಸ್ ತಂದು ಕೊಡುತ್ತಾರೆ, ಮಷೀನ್ ಒಂದೊಂದೇ ಹಾಳೆ ಉಗುಳುವಾಗ ನಾನು ಕಣ್ಣಾಡಿಸುತ್ತೇನೆ. ಸೈಕಾಲಜಿ ನೋಟ್ಸಿನಲ್ಲಿ ಒಂದು ಕಥೆ ಪ್ರತಿ ವರ್ಷ ಬರುತ್ತದೆ. 1964ರ ಮಾರ್ಚಿನಲ್ಲಿ ನ್ಯೂಯಾರ್ಕಿನಲ್ಲಿ ಕಿಟ್ಟಿ ಜಿನೋವೀಸ್ ಅನ್ನೋ ಹೆಣ್ಣುಮಗಳನ್ನು ಮನೆ ಹತ್ತಿರವೇ ಇರಿದು ಕೊಂದರು, 38 ಜನ ನೋಡಿದರೂ ಒಬ್ಬರೂ ಪೊಲೀಸರಿಗೆ ಫೋನ್ ಮಾಡಲಿಲ್ಲ ಅಂತ ಅಲ್ಲಿನ ದೊಡ್ಡ ಪತ್ರಿಕೆ ಬರೆಯಿತು. ಜಗತ್ತೆಲ್ಲ ನಂಬಿತು. ವರ್ಷಗಟ್ಟಲೆ ಆದಮೇಲೆ ನೋಡಿದರೆ ಆ ಸುದ್ದಿಯಲ್ಲಿ ತಪ್ಪೇ ಜಾಸ್ತಿ. ಪೂರ್ತಿ ಕಣ್ಣಾರೆ ಕಂಡವರು ಕೆಲವರೇ, ಪೊಲೀಸರಿಗೆ ಫೋನ್ ಮಾಡಿದ್ದೆವು ಅಂದವರೂ ಇದ್ದರು. ಪಕ್ಕದ ಮನೆಯ ಒಬ್ಬಾಕೆ ಕೆಳಗೆ ಓಡಿ ಬಂದು, ಸಾಯುತ್ತಿದ್ದವಳನ್ನು ತೋಳಿನಲ್ಲಿ ಹಿಡಿದುಕೊಂಡಿದ್ದಳು. ಅವಳ ಸುದ್ದಿ ಬರಲಿಲ್ಲ, 38ರ ಸುದ್ದಿ ಬಂತು. ಇದು ಪತ್ರಿಕೆಯವರ ಮೇಲಿನ ದೂರು ಅಂತ ತಿಳಿಯಬೇಡಿ. ಆದರೆ ಸ್ವಲ್ಪ ಹಾಗೇ.

ಆ ಸುದ್ದಿ ನೋಡಿ ಇಬ್ಬರು ವಿಜ್ಞಾನಿಗಳು 1968ರಲ್ಲಿ ಒಂದು ಪ್ರಯೋಗ ಮಾಡಿದರು. ಬೇರೆ ಬೇರೆ ಕೋಣೆಯಲ್ಲಿ ವಿದ್ಯಾರ್ಥಿಗಳನ್ನು ಕೂರಿಸಿ ಮೈಕಿನಲ್ಲಿ ಮಾತಾಡಿಸಿದರು, ನಡುವೆ ಒಬ್ಬನಿಗೆ ಫಿಟ್ಸ್ ಬಂದ ಹಾಗೆ ಕೇಳಿಸಿದರು. ಕೇಳಿಸಿಕೊಂಡವನು ತಾನೊಬ್ಬನೇ ಅಂದುಕೊಂಡಿದ್ದಾಗ 85 ಪರ್ಸೆಂಟ್ ಜನ ಸಹಾಯಕ್ಕೆ ಎದ್ದರು. ಇನ್ನೂ ನಾಲ್ಕು ಜನ ಕೇಳಿಸಿಕೊಳ್ಳುತ್ತಿದ್ದಾರೆ ಅಂದುಕೊಂಡಾಗ ಬರೀ 31. ನಲವತ್ತು ಜನರ ನಡುವೆ ನಾನು ಕಲ್ಲಾಗಿದ್ದಕ್ಕೆ ಇದೇ ಕಾರಣ ಅಂತ ಸಮಾಧಾನ ಮಾಡಿಕೊಂಡಿದ್ದೆ. ಆದರೆ ಹೋದ ವರ್ಷ ಎಂಎ ಓದುವ ಹುಡುಗಿಯೊಬ್ಬಳು ತಂದ ಹಾಳೆಗಳಲ್ಲಿ ಬೇರೆಯೇ ಇತ್ತು. 2019ರಲ್ಲಿ ಬಂದ ಅಧ್ಯಯನ. ಆಮ್‌ಸ್ಟರ್‌ಡ್ಯಾಮ್, ಕೇಪ್‌ಟೌನ್, ಇಂಗ್ಲೆಂಡಿನ ಲ್ಯಾಂಕಾಸ್ಟರ್ ಈ ಮೂರು ಊರುಗಳ ಸಿಸಿಟಿವಿಯಲ್ಲಿ ಸಿಕ್ಕಿದ 219 ಬೀದಿ ಜಗಳಗಳನ್ನು ಕೂತು ನೋಡಿದ್ದಾರೆ. ಹತ್ತರಲ್ಲಿ ಒಂಬತ್ತು ಕಡೆ ಸುತ್ತ ಇದ್ದವರಲ್ಲಿ ಒಬ್ಬರಾದರೂ ನಡುವೆ ಹೋಗಿದ್ದಾರೆ. ಜನ ಜಾಸ್ತಿ ಇದ್ದಷ್ಟೂ ಯಾರಾದರೂ ಹೋಗುವುದು ಜಾಸ್ತಿ.

ಎರಡೂ ಹೇಗೆ ನಿಜ ಆಗುತ್ತದೆ ಅಂತ ತುಂಬಾ ಯೋಚನೆ ಮಾಡಿದೆ. ನನಗೆ ಹೊಳೆದದ್ದು ಇಷ್ಟು: ಆ ಪ್ರಯೋಗದಲ್ಲಿ ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ರಸ್ತೆಯಲ್ಲಿ ಕಾಣುತ್ತಾರೆ. ಎಲ್ಲರೂ ನಿಂತಿದ್ದರೆ ನಿಂತಿರುವುದೂ ಕಾಣುತ್ತದೆ, ಒಬ್ಬರು ಕಾಲೆತ್ತಿ ಇಟ್ಟರೆ ಅದೂ ಕಾಣುತ್ತದೆ.

ಇದನ್ನು ಓದುವ ಮೊದಲೇ ಕಣ್ಣಾರೆ ಕಂಡಿದ್ದೆ ಕೂಡ. ಎರಡು ವರ್ಷದ ಹಿಂದೆ, ಬೆಳಿಗ್ಗೆ ಹತ್ತು ಗಂಟೆ ಇರಬೇಕು. ಒಬ್ಬ ಒಂದು ಹುಡುಗಿಯ ಬ್ಯಾಗಿನ ಪಟ್ಟಿ ಹಿಡಿದು ಎಳೆಯುತ್ತಿದ್ದ. ಅವಳು ಬಸ್ಸಿನ ಕಡೆ, ಅವನು ಬೈಕಿನ ಕಡೆ. ಕೆನ್ನೆಗೆ ಎರಡು ಬಿಟ್ಟ. ಆಟೋದ ಹುಡುಗರು ಏಯ್ ಅಂತ ಎದ್ದರು. ಅವನು ತಿರುಗಿ, "ನನ್ ಹೆಂಡ್ತಿ ಕಣ್ರೀ, ನಿಮ್ದೇನು?" ಅಂದ. ಅಷ್ಟೇ. ಎದ್ದವರೆಲ್ಲ ಕೂತರು. ಗಂಡ ಹೆಂಡ್ತಿ ಜಗಳ ಉಂಡು ಮಲಗೋ ತನಕ ಅಂತ ಗಾದೆ ಇದೆಯಲ್ಲ, ಅದರ ಮುಂದೆ ನಮ್ಮ ಬಾಯಿ ಕಟ್ಟಿ ಹೋಗುತ್ತದೆ. ಹೆಂಡತಿ ಆದರೆ ನಡುರಸ್ತೆಯಲ್ಲಿ ಹೊಡೆಯಬಹುದಾ ಅಂತ ಒಬ್ಬರಿಗೂ ತಲೆಗೆ ಬರಲಿಲ್ಲ, ನನಗೂ ಬರಲಿಲ್ಲ.

ಅಲ್ಲೇ ಕಟ್ಟೆ ಮೇಲೆ ಹೂ ಮಾರುವ ಒಬ್ಬರು ಕೂರುತ್ತಾರೆ, ನಾವೆಲ್ಲ ಹೂವಿನಕ್ಕ ಅನ್ನುತ್ತೇವೆ. ಮೊಳ ಹಾಕುತ್ತಿದ್ದ ಸೇವಂತಿಗೆಯನ್ನು ಬುಟ್ಟಿಗೆ ಹಾಕಿ ಎದ್ದರು. ಅವನ ಕಡೆ ನೋಡಲೇ ಇಲ್ಲ. ಸೀದಾ ಹುಡುಗಿ ಹತ್ತಿರ ಹೋಗಿ, "ಏನವ್ವಾ, ಇವ್ನು ಯಾರು ನಿಂಗೆ?" ಅಂದರು. ಹುಡುಗಿ ಬಾಯಲ್ಲಿ ಮಾತು ಬರಲಿಲ್ಲ, ಬರೀ ತಲೆ ಆಡಿಸಿದಳು, ಅಲ್ಲ ಅಂತ. ಹೂವಿಗೆ ಚಿಮುಕಿಸಲು ಇಟ್ಟಿದ್ದ ಪ್ಲಾಸ್ಟಿಕ್ ಚೊಂಬು ಅಕ್ಕನ ಕೈಯಲ್ಲೇ ಇತ್ತು. ನೀರನ್ನು ಅವನ ಮುಖಕ್ಕೆ ಎರಚಿದರು. ಅವನಿಗೆ ಏನಾಯಿತು ಅಂತ ಗೊತ್ತಾಗುವ ಹೊತ್ತಿಗೆ ಕಬ್ಬಿನ ಹಾಲಿನ ಗಾಡಿಯ ಗೆಜ್ಜೆ ಸದ್ದು ನಿಂತಿತ್ತು. ದಿನವಿಡೀ ಘಲ್ ಘಲ್ ಅನ್ನುವುದು ಸಟ್ಟನೆ ನಿಂತರೆ ಇಡೀ ಬಸ್ ಸ್ಟ್ಯಾಂಡ್ ತಿರುಗಿ ನೋಡುತ್ತದೆ. ಗಾಡಿಯವನು ಬಂದ, ಆಟೋದವರಿಬ್ಬರು ಬಂದರು, ಐದನೆಯವನಾಗಿ ನಾನು ಹೋದೆ. ಐದನೆಯವನಾಗಿ ಹೋಗುವುದು ಎಷ್ಟು ಸುಲಭ ಅಂತ ಅವತ್ತು ಗೊತ್ತಾಯಿತು. ಧೈರ್ಯವೇ ಬೇಕಾಗಿರಲಿಲ್ಲ. ನಾವು ಸುತ್ತ ನಿಂತೆವು ಅಷ್ಟೇ, ಯಾರೂ ಕೈ ಮಾಡಲಿಲ್ಲ. ಅವನ ಕೈ ಬ್ಯಾಗಿನಿಂದ ತಾನೇ ಜಾರಿತು.

ಎಲ್ಲ ಸಲ ಹೀಗೇ ಆಗುತ್ತದೆ ಅಂತ ಸುಳ್ಳು ಹೇಳಲಾರೆ. 2011ರ ಅಕ್ಟೋಬರಿನಲ್ಲಿ ಮುಂಬೈ ಅಂಧೇರಿಯ ಅಂಬೋಲಿಯಲ್ಲಿ, ಜೊತೆಗಿದ್ದ ಹೆಣ್ಣುಮಕ್ಕಳನ್ನು ಚುಡಾಯಿಸಿದ್ದು ಯಾಕೆ ಅಂತ ಕೇಳಿದ್ದಕ್ಕೆ ಇಬ್ಬರು ಹುಡುಗರನ್ನು ಇರಿದು ಕೊಂದರು. ನಾಲ್ಕು ಜನರಿಗೆ ಜೀವಾವಧಿ ಶಿಕ್ಷೆ ಆಗಲು 2016 ಆಗಬೇಕಾಯಿತು. ಚಾಕು ಹಿಡಿದವನ ಮುಂದೆ ಬರಿಗೈಯಲ್ಲಿ ಹೋಗಿ ಅಂತ ನನ್ನ ಮಗನಿಗೆ ನಾನು ಹೇಳುವುದಿಲ್ಲ, ಓದುಗರಿಗೆ ಹೇಗೆ ಹೇಳಲಿ? 2019ರ ಜೂನಿನಲ್ಲಿ ಮಂಗಳೂರಿನ ದೇರಳಕಟ್ಟೆ ಹತ್ತಿರ ಒಬ್ಬ ಯುವತಿಯನ್ನು ಒಬ್ಬ ಇರಿಯುತ್ತಿದ್ದ ವಿಡಿಯೋ ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಜನ ದೂರದಿಂದ ಕೂಗುತ್ತಿದ್ದರು. ಹತ್ತಿರದ ಆಸ್ಪತ್ರೆಯ ಒಬ್ಬ ನರ್ಸ್ ಆಂಬುಲೆನ್ಸಿನಲ್ಲಿ ಬಂದವರು ಸೀದಾ ಅವನ ಹತ್ತಿರ ಹೋಗಿ ಅವನನ್ನು ಆಚೆ ಸರಿಸಿ ಹುಡುಗಿಯನ್ನು ಎತ್ತಿಸಿದರು. ಹುಡುಗಿ ಬದುಕಿದಳು. ಆ ತಾಯಿಗೆ ಕೈ ಮುಗಿಯುತ್ತೇನೆ. ಆದರೆ ಅವರನ್ನು ತೋರಿಸಿ ನೀವೂ ಹೀಗೆ ಮಾಡಿ ಅಂದರೆ ಜನ ಕೈ ಮುಗಿದು ಮನೆಗೆ ಹೋಗುತ್ತಾರೆ, ಅಷ್ಟೇ. ದೊಡ್ಡವರ ಕಥೆಗಳಿಂದ ಚಿಕ್ಕವರಿಗೆ ಒಳ್ಳೆಯ ನೆಪ ಸಿಗುತ್ತದೆ.

ಹೂವಿನಕ್ಕ ಮಾಡಿದ್ದು ಚಿಕ್ಕದು. ಹೊಡೆಯುವವನ ಜೊತೆ ಮಾತಿಗೆ ನಿಲ್ಲಲಿಲ್ಲ, ಹೊಡೆಸಿಕೊಳ್ಳುವವರನ್ನು ಮಾತಾಡಿಸಿದರು. ಅಷ್ಟೂ ಆಗದಿದ್ದರೆ ಜೋರಾಗಿ ಕೂಗಿ. ಹಾರ್ನ್ ಒತ್ತಿ. 112ಕ್ಕೆ ಫೋನ್ ಮಾಡಿ, ಜಾಗದ ಗುರುತು ಸರಿಯಾಗಿ ಹೇಳಿ. ಸುಮ್ನೆ "ಯಾರಾದ್ರೂ ಫೋನ್ ಮಾಡ್ರಪ್ಪಾ" ಅಂದರೆ ಯಾರೂ ಮಾಡಲ್ಲ, "ಏ ನೀಲಿ ಶರ್ಟ್, ನೀನು ಮಾಡು" ಅಂದರೆ ಅವನು ಮಾಡಲೇಬೇಕು. ವಿಡಿಯೋ ಮಾಡುವವರನ್ನೂ ನಾನು ಅಷ್ಟಾಗಿ ಬೈಯುವುದಿಲ್ಲ. ನಾಳೆ ಕೋರ್ಟಿನಲ್ಲಿ ಅದೇ ಸಾಕ್ಷಿ ಆಗಬಹುದು. ಆದರೆ ಹತ್ತು ಜನ ಮಾಡಬೇಕಾಗಿಲ್ಲ, ಒಬ್ಬ ಸಾಕು, ಮತ್ತೆ ಅದು ವಾಟ್ಸಾಪ್ ಗ್ರೂಪಿಗೆ ಹೋಗದೆ ಪೊಲೀಸರಿಗೆ ಹೋಗಬೇಕು.

ನಡುವೆ ಹೋಗುವ ಹುರುಪಿನಲ್ಲಿ ನಾವೇ ಹೊಡೆಯುವವರಾಗುವುದೂ ಇದೆಯಲ್ಲ. 2018 ನೆನಪಿದೆಯಾ? ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ವಾಟ್ಸಾಪಿನಲ್ಲಿ ಸುಳ್ಳು ಹಬ್ಬಿತ್ತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸಕ್ಕೆ ಬಂದಿದ್ದ ಹುಡುಗನನ್ನು ಕಟ್ಟಿ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬನನ್ನು ಕೊಂದರು, ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದೇ ತಪ್ಪಾಯಿತು. ಬಿಡಿಸಲು ಹೋದ ಪೊಲೀಸರಿಗೂ ಏಟು ಬಿತ್ತು. ಅಲ್ಲಿ ಹೊಡೆದವರನ್ನು ಕೇಳಿದ್ದರೆ ನಾವು ಮಕ್ಕಳನ್ನು ಕಾಪಾಡುತ್ತಿದ್ದೆವು ಅನ್ನುತ್ತಿದ್ದರೇನೋ. ಬಿಡಿಸೋಕೆ ಹೋದವನು ಬಿಡಿಸಬೇಕು, ನಾಲ್ಕು ತಾನೂ ಬಿಡೋದಲ್ಲ. ಬೇರೆಯವರ ಮೈಮೇಲೆ ಬಿದ್ದವನನ್ನು ತಡೆಯುವ ಹಕ್ಕು ನಮಗೆಲ್ಲ ಇದೆ, ಭಾರತೀಯ ನ್ಯಾಯ ಸಂಹಿತೆಯ 35ನೇ ಸೆಕ್ಷನ್, ಲಾ ಕಾಲೇಜಿನ ಹುಡುಗರ ದಯೆಯಿಂದ ನನಗೆ ಬಾಯಿಪಾಠ. ಆದರೆ ತಡೆಯಲು ಎಷ್ಟು ಬೇಕೋ ಅಷ್ಟೇ ಅಂತಲೂ ಅಲ್ಲೇ ಮುಂದೆ ಇದೆ.

ಈಗ ನಾನು ಈ ಪತ್ರ ಬರೆಯಲು ಕೂತ ವಿಷಯಕ್ಕೆ ಬರುತ್ತೇನೆ. ಅವತ್ತು ಜಗಳ ಬಿಟ್ಟದ್ದು ಮೂರು ನಿಮಿಷದಲ್ಲಿ. ಆಮೇಲಿನದು ಇನ್ನೂ ಮುಗಿದಿಲ್ಲ.

ಸ್ಟೇಷನ್ನಿಗೆ ಹೋದೆವು. ಹೂವಿನಕ್ಕ, ಕಬ್ಬಿನವನು, ನಾನು. ಮೂರು ಗಂಟೆ ಬೆಂಚಿನ ಮೇಲೆ ಕೂತೆವು. "ಆ ಹುಡುಗಿಗೂ ನಿಮಗೂ ಏನ್ರೀ ಸಂಬಂಧ?" ಅಂತ ಒಬ್ಬರು ಕೇಳಿದರು. ಸಂಬಂಧ ಇಲ್ಲ ಸಾರ್ ಅಂದೆ. "ಮತ್ಯಾಕೆ ಬಂದ್ರಿ?" ಇದಕ್ಕೆ ಇವತ್ತಿಗೂ ನನ್ನ ಹತ್ತಿರ ಉತ್ತರ ಇಲ್ಲ. ರೈಟರ್ ಒಳ್ಳೆಯವರು, ಟೀ ತರಿಸಿದರು, ಹೇಳಿಕೆ ಬರೆದುಕೊಂಡರು, ಮಹಜರಿಗೆ ಬನ್ನಿ ಅಂದರು. ಅದೆಲ್ಲ ಸರಿ. ಆಮೇಲೆ ಸಮನ್ಸ್ ಬಂತು. ನಾಲ್ಕು ಸಲ ಕೋರ್ಟಿಗೆ ಹೋಗಿದ್ದೇನೆ, ಕಟಕಟೆ ಹತ್ತಿದ್ದು ಒಂದೇ ಸಲ. ಒಮ್ಮೆ ಸಾಹೇಬರು ರಜೆ, ಒಮ್ಮೆ ವಕೀಲರ ಕಲಾಪ ಬಹಿಷ್ಕಾರ, ಇನ್ನೊಮ್ಮೆ ಸಂಜೆವರೆಗೂ ಕೂಗಲೇ ಇಲ್ಲ. ಹತ್ತಿದ ದಿನ ನನ್ನ ಹೇಳಿಕೆ ಆಯಿತು, ಪಾಟಿ ಸವಾಲಿಗೆ ಅವನ ಕಡೆ ವಕೀಲರು ಟೈಮ್ ಕೇಳಿದರು, ಮತ್ತೆ ವಾಯಿದೆ. ಅವನು ಅದೇ ಕಾರಿಡಾರಿನಲ್ಲಿ ನನ್ನಿಂದ ನಾಲ್ಕು ಅಡಿ ದೂರ ಗೋಡೆಗೆ ಒರಗಿ ನಿಂತಿರುತ್ತಾನೆ, ಜೊತೆಗೆ ಮೂರು ಜನ. ಏನೂ ಹೇಳುವುದಿಲ್ಲ. "ಜೆರಾಕ್ಸ್ ಅಣ್ಣ, ಅಂಗಡಿ ಹೆಂಗೆ ನಡೀತಿದೆ?" ಅಂತಾನೆ, ನಗುತ್ತಾನೆ. ಕೇಸು ನಡೆಯುತ್ತಿರುವಾಗ ಇದಕ್ಕಿಂತ ಜಾಸ್ತಿ ಬರೆಯಬಾರದು.

ನನಗಾದರೂ ಅಂಗಡಿಗೆ ಹೆಂಡತಿ ಕೂರುತ್ತಾಳೆ. ಹೂವಿನಕ್ಕ ಕೋರ್ಟಿಗೆ ಬಂದ ದಿನ ಬೆಳಗಿನ ಜಾವ ಮಾರ್ಕೆಟ್ಟಿನಿಂದ ತಂದ ಹೂ ಬುಟ್ಟಿಯಲ್ಲೇ ಬಾಡುತ್ತದೆ. ಸಂಜೆ ಬಾಡಿದ ಹೂ ಯಾರು ತಗೊಳ್ಳುತ್ತಾರೆ? ಸಾಕ್ಷಿಗಳಿಗೆ ಬಂದು ಹೋಗುವ ಖರ್ಚು ಕೊಡಲು ಕಾನೂನಿನಲ್ಲಿ ದಾರಿ ಇದೆಯಂತೆ. ಅಕ್ಕನಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ, ಹೇಳಬೇಕಾದವರು ಹೇಳಲಿಲ್ಲ. ಸಾಕ್ಷಿ ಬಂದು ಕೂತಿರುವಾಗ ವಿಶೇಷ ಕಾರಣ ಇಲ್ಲದೆ ವಿಚಾರಣೆ ಮುಂದೆ ಹಾಕಬಾರದು ಅಂತಲೂ ಕಾನೂನಿನಲ್ಲೇ ಇದೆ. ನಮ್ಮಲ್ಲಿ ಎಲ್ಲ ಕಾರಣವೂ ವಿಶೇಷವೇ.

ಇದನ್ನು ಆಕ್ಸಿಡೆಂಟಿನ ಜೊತೆ ಹೋಲಿಸಿ ನೋಡಿ. 2017ರ ಫೆಬ್ರವರಿಯಲ್ಲಿ ಕೊಪ್ಪಳದಲ್ಲಿ ಸೈಕಲ್ಲಿನಲ್ಲಿ ಹೋಗುತ್ತಿದ್ದ 18 ವರ್ಷದ ಹುಡುಗ ಬಸ್ಸಿಗೆ ಸಿಕ್ಕಿ ರಸ್ತೆಯಲ್ಲಿ ಬಿದ್ದು ಒದ್ದಾಡುತ್ತಿದ್ದಾಗ ಜನ ಫೋಟೋ ತೆಗೆಯುತ್ತಾ ನಿಂತಿದ್ದರು, ಹುಡುಗ ಉಳಿಯಲಿಲ್ಲ. ಆಗಲೂ ಇದೇ ಬೈಗುಳ ಎಲ್ಲ ಕಡೆ ಬಂತು. ಆದರೆ ಅಲ್ಲಿ ಬೈಗುಳದ ಜೊತೆ ಕಾನೂನೂ ಬಂತು. ಗಾಯಾಳುವಿಗೆ ಸಹಾಯ ಮಾಡಿದವರನ್ನು ಸತಾಯಿಸಬೇಡಿ ಅಂತ 2016ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂದು ಅದೇ ಕಾನೂನಾಯಿತು. ಆಸ್ಪತ್ರೆಗೆ ಸೇರಿಸಿದವನು ಹೆಸರು, ಫೋನ್ ನಂಬರ್ ಕೊಡಬೇಕಾಗಿಲ್ಲ, ಬಲವಂತ ಮಾಡುವ ಹಾಗಿಲ್ಲ. ಕೇಂದ್ರ ಸರ್ಕಾರ ಬಹುಮಾನ ಕೂಡ ಕೊಡುತ್ತದೆ, ಮೊದಲು 5,000 ಇತ್ತು, ಈಗ 25,000 ರೂಪಾಯಿ. ನಮ್ಮ ರಾಜ್ಯದಲ್ಲಿ ಇದಕ್ಕೆಂದೇ ಬೇರೆ ಕಾಯ್ದೆಯೂ ಆಯಿತು. ಈಗ ಆಕ್ಸಿಡೆಂಟ್ ಆದರೆ ನಮ್ಮ ಆಟೋದ ಹುಡುಗರು ಹಿಂದೆ ಮುಂದೆ ನೋಡದೆ ಎತ್ತಿಕೊಂಡು ಹೋಗುತ್ತಾರೆ. ಅವರೇ ಹುಡುಗರು ಹೊಡೆದಾಟ ಅಂದರೆ ಗಾಡಿ ಸ್ಟಾರ್ಟ್ ಮಾಡಿ ಆಚೆ ಹೋಗುತ್ತಾರೆ. ಹುಡುಗರು ಬದಲಾಗಿಲ್ಲ, ಆಮೇಲೆ ಬರುವ ಸಮನ್ಸ್ ಅವರಿಗೆ ಗೊತ್ತು. ಬಸ್ ಗುದ್ದಿದವನನ್ನು ಎತ್ತಿದರೆ ಪುಣ್ಯಾತ್ಮ, ಗಂಡಸು ಗುದ್ದಿದವಳನ್ನು ಬಿಡಿಸಿದರೆ ಸಾಕ್ಷಿ ನಂಬರ್ ಮೂರು.

2023ರ ಡಿಸೆಂಬರಿನಲ್ಲಿ ಬೆಳಗಾವಿ ಹತ್ತಿರದ ಹೊಸ ವಂಟಮುರಿಯಲ್ಲಿ ಮಗ ಓಡಿಹೋದ ಅಂತ ತಾಯಿಯನ್ನು ಬೆತ್ತಲೆ ಮಾಡಿ ಕಂಬಕ್ಕೆ ಕಟ್ಟಿ ಹೊಡೆದರಲ್ಲ, ಆಗ ಹೈಕೋರ್ಟ್ ತಾನಾಗಿಯೇ ಕೇಸು ಕೈಗೆತ್ತಿಕೊಂಡಿತು. ಬಿಡಿಸಲು ಬಂದ ಒಬ್ಬನೇ ಒಬ್ಬನಿಗೂ ಹೊಡೆದಿದ್ದರು. ನೋಡುತ್ತಾ ನಿಂತ ಊರಿನವರ ಬಗ್ಗೆ ಮಾತಾಡುವಾಗ ಕೋರ್ಟು ಬ್ರಿಟಿಷರ ಕಾಲದ ಪುಂಡಗಂದಾಯವನ್ನು ನೆನಪಿಸಿತು. ನಮ್ಮ ಅಜ್ಜ ಹೇಳುತ್ತಿದ್ದ ಮಾತದು, ಯಾರೋ ಕೆಲವರು ಮಾಡಿದ್ದಕ್ಕೆ ಇಡೀ ಊರಿನ ಮೇಲೆ ಹಾಕುತ್ತಿದ್ದ ದಂಡ. ಕೋರ್ಟಿನ ಸಿಟ್ಟು ನ್ಯಾಯವಾದದ್ದು. ಆದರೆ ಪುಂಡಗಂದಾಯ ಹಾಕಿದರೆ ಹೂವಿನಕ್ಕನೂ ಕಟ್ಟಬೇಕು, ಶಟರ್ ಅರ್ಧ ಎಳೆದ ನಾನೂ ಕಟ್ಟಬೇಕು, ಲೆಕ್ಕ ಒಂದೇ ಆಗುತ್ತದೆ. ನಿಂತವರಿಗೆ ದಂಡ ಹಾಕುವ ಮೊದಲು ಹೋದವರಿಗೆ ಬೀಳುತ್ತಿರುವ ದಂಡ ತೆಗೆಯಿರಿ ಅನ್ನೋದು ನನ್ನ ಮಾತು.

ದೊಡ್ಡದೇನೂ ಕೇಳುತ್ತಿಲ್ಲ. ಸಾಕ್ಷಿಗಳ ರಕ್ಷಣೆಗೆ ಪ್ರತಿ ರಾಜ್ಯ ಒಂದು ಯೋಜನೆ ಮಾಡಬೇಕು ಅಂತ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 398ನೇ ಸೆಕ್ಷನ್ ಹೇಳುತ್ತದೆ. ಅದು ಗ್ಯಾಂಗ್‌ಸ್ಟರ್ ಕೇಸಿಗೆ ಮಾತ್ರ ಅಂತ ಯಾಕೆ ಅಂದುಕೊಳ್ಳಬೇಕು? ಬಸ್ ಸ್ಟ್ಯಾಂಡಿನ ಸಾಕ್ಷಿಗೂ ಆರೋಪಿಗೂ ಕೋರ್ಟಿನಲ್ಲಿ ಬೇರೆ ಬೇರೆ ಬೆಂಚು ಇದ್ದರೆ ಸಾಕು, ಅಲ್ಲಿಂದ ಶುರು ಮಾಡಿ. ಹೇಳಿಕೆ ಬರೆದುಕೊಳ್ಳಲು ಪೊಲೀಸರೇ ಅಂಗಡಿಗೆ ಬರಲಿ, ಐದು ನಿಮಿಷದ ಕೆಲಸ. ಹೆಂಗಸರನ್ನು ಸ್ಟೇಷನ್ನಿಗೆ ಕರೆಸದೆ ಅವರಿದ್ದಲ್ಲೇ ವಿಚಾರಿಸಬೇಕು ಅಂತ ಮೊದಲಿಂದಲೂ ನಿಯಮ ಇದೆ, ಹೂವಿನಕ್ಕನನ್ನು ಮೂರು ಗಂಟೆ ಬೆಂಚಿನಲ್ಲಿ ಕೂರಿಸಿದಾಗ ಅದು ಯಾರಿಗೂ ನೆನಪಾಗಲಿಲ್ಲ. ಮತ್ತೆ "ನಿಮಗೇನು ಸಂಬಂಧ" ಅನ್ನೋ ಪ್ರಶ್ನೆಯನ್ನು ದಯವಿಟ್ಟು ಯಾರೂ ಕೇಳಬೇಡಿ. ಅವತ್ತು ಹೊಡೆದವನು ನಮ್ಮನ್ನು ಕೇಳಿದ್ದೂ ಅದನ್ನೇ.

ಮೊನ್ನೆ ಹೂವಿನಕ್ಕನನ್ನು ಕೇಳಿದೆ, ಇನ್ನೊಂದು ಸಲ ಹಂಗೇ ಆದರೆ ಹೋಗ್ತೀಯೇನಕ್ಕ ಅಂತ. ಮೊಳ ಹಾಕುತ್ತಲೇ ಇದ್ದರು. "ಕೋರ್ಟಿಗೆ ಹೋಗೋಕೆ ಬೇಜಾರು ಕಣಣ್ಣ," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಚೊಂಬಲ್ಲಿ ನೀರು ಇದ್ದೇ ಇರ್ತದಲ್ಲ," ಅಂದರು.

ಬರುವ ಹದಿನಾಲ್ಕಕ್ಕೆ ಪಾಟಿ ಸವಾಲಿಗೆ ವಾಯಿದೆ ಇದೆ. ಅವತ್ತು ಹೆಂಡತಿಯೂ ಊರಲ್ಲಿರುವುದಿಲ್ಲ, ಶಟರ್ ಪೂರ್ತಿ ಕೆಳಗಿರುತ್ತದೆ. ಜೆರಾಕ್ಸ್ ಬೇಕಾದವರು ಹಿಂದಿನ ದಿನವೇ ಬಂದು ಹೋಗಿ.

ಇಂತಿ,
ಬಸ್ ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಯವನು
(ಹೆಸರು, ವಿಳಾಸ ನಿಮ್ಮ ಕಚೇರಿಗೆ ಬೇರೆ ಹಾಳೆಯಲ್ಲಿ ಕೊಟ್ಟಿದ್ದೇನೆ, ಅಚ್ಚು ಹಾಕಬೇಡಿ)